ಬ್ಯಾರಿ ಅಂದ ಮಾತ್ರಕ್ಕೆ ಬ್ಯಾರ ಬಂದುಬಿಡುತ್ತದೆಯೇ?

ಕಳೆದ ತಿಂಗಳು ಹಾಸನದಲ್ಲಿ ಜುಮಾ ಮುಗಿಸಿ ಹೊರಗೆ ಬರುತ್ತಿದ್ದೆ. ಪರಿಚಯದ ಹುಡುಗನೊಬ್ಬ ಕೈ ಹಿಡಿದು ನಿಲ್ಲಿಸಿದ. ಹೊಳೆನರಸೀಪುರದವನು. ಒಂಬತ್ತು ವರ್ಷ ಸೌದಿಯಲ್ಲಿ ದುಡಿದು, ಈ ಸಲ ಎಲ್ಲ ಮುಗಿಸಿಕೊಂಡೇ ಬಂದಿದ್ದಾನೆ. "ಕಾಕ, ಇನ್ನು ಹೋಗೋದಿಲ್ಲ. ಊರಲ್ಲೇ ಮೀನಿನ ಅಂಗಡಿ ಹಾಕ್ತೀನಿ. ದುಆ ಮಾಡಿ" ಅಂದ. ಸಂತೋಷವಾಯಿತು. ದುಆ ಮಾಡಿದೆ. ಆಮೇಲೆ ಕೇಳಿದೆ, "ದುಡ್ಡು?"

"ಕೈಯಲ್ಲಿ ಐದು ಲಕ್ಷ ಉಂಟು ಕಾಕ. ಉಳಿದದ್ದಕ್ಕೆ ಅವಳ ಚಿನ್ನ ಇಡ್ತೀನಿ."

"ಅವಳನ್ನ ಕೇಳಿದ್ಯಾ?"

ಹುಡುಗ ನಕ್ಕುಬಿಟ್ಟ. "ಕೇಳೋದೇನು ಕಾಕ, ಕೊಡ್ತಾಳೆ."

ಹದಿನೈದು ವರ್ಷದ ಹಿಂದೆ ನಾನೂ ಹೀಗೇ ನಕ್ಕಿದ್ದೆ. ಅದಕ್ಕೆ ಈ ಲೇಖನ. ಸ್ವಂತ ವ್ಯಾಪಾರ ಮಾಡಬೇಡಿ ಅಂತ ಹೇಳುವುದು ನನ್ನ ಉದ್ದೇಶ ಅಲ್ಲ. ಮಾಡಬೇಕೋ ಬೇಡವೋ ಎಂಬುದನ್ನು ನಾವು ಯಾವುದರ ಮೇಲೆ ತೀರ್ಮಾನಿಸುತ್ತಿದ್ದೇವೆ ಎಂಬುದೇ ನನ್ನ ಪ್ರಶ್ನೆ.

ಬ್ಯಾರಿ ಎಂಬ ಹೆಸರು ತುಳುವಿನ 'ಬ್ಯಾರ', ಅಂದರೆ ವ್ಯಾಪಾರ ಎಂಬ ಮಾತಿನಿಂದ ಬಂತು ಎಂದು ಹೆಚ್ಚಿನವರು ಒಪ್ಪುತ್ತಾರೆ. ನಮ್ಮ ಹಿರಿಯರು ಉಪ್ಪು, ಒಣಮೀನು ಹೊತ್ತು ಘಟ್ಟ ಹತ್ತಿದರು. ಇಳಿಯುವಾಗ ಅಕ್ಕಿ, ಮೆಣಸು, ಏಲಕ್ಕಿ ತಂದರು. ಕೆಲವರು ಸಕಲೇಶಪುರದ ತೋಟಗಳ ಕಡೆ ನಿಂತರು. ಕೆಲವರು ಇನ್ನೂ ಮುಂದೆ ಬಂದು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಪೇಟೆಗಳಲ್ಲಿ ನೆಲೆ ಕಂಡರು. ಈ ಚರಿತ್ರೆಯ ಬಗ್ಗೆ ಹೆಮ್ಮೆ ಇರಲಿ. ಆದರೆ ಈ ಹೆಮ್ಮೆಯಿಂದಲೇ ಒಂದು ತಪ್ಪು ಮಾತು ಹುಟ್ಟಿಕೊಂಡಿದೆ: "ವ್ಯಾಪಾರ ನಮ್ಮ ರಕ್ತದಲ್ಲೇ ಇದೆ."

ವ್ಯಾಪಾರ ಯಾರ ರಕ್ತದಲ್ಲೂ ಇಲ್ಲ. ನನ್ನ ಉಪ್ಪ ಹನ್ನೆರಡನೇ ವಯಸ್ಸಿಗೆ ಇನ್ನೊಬ್ಬರ ಅಂಗಡಿಯ ಗೋಣಿ ಝಾಡಿಸುವ ಕೆಲಸಕ್ಕೆ ಸೇರಿದವರು. ಸ್ವಂತ ತಕ್ಕಡಿ ಹಿಡಿಯುವಾಗ ಅವರಿಗೆ ಇಪ್ಪತ್ತೇಳು. ನಡುವಿನ ಹದಿನೈದು ವರ್ಷ ಅವರು ಕಲಿತದ್ದೇ ಬಂಡವಾಳ. ಯಾವ ಗಿರಾಕಿ ಸಾಲ ತೀರಿಸ್ತಾನೆ, ಯಾವ ಮಾಲು ಎಷ್ಟು ದಿನ ನಿಲ್ಲುತ್ತೆ, ಮಳೆಗಾಲದಲ್ಲಿ ಎಷ್ಟು ತರಿಸಬೇಕು, ಎಲ್ಲ ಇನ್ನೊಬ್ಬರ ದುಡ್ಡಿನಲ್ಲಿ ಕಲಿತರು. ನಾವು ಇವತ್ತು ಅವರ ಹೆಸರು ಹೇಳಿ ಅಂಗಡಿ ತೆರೆಯುತ್ತೇವೆ. ಆ ಹದಿನೈದು ವರ್ಷವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಸಮಾರಂಭಗಳಲ್ಲಿ ವೇದಿಕೆ ಮೇಲೆ ನಿಂತು ನಾವು ದೊಡ್ಡವರ ಉದಾಹರಣೆ ಕೊಡುತ್ತೇವೆ. ತುಂಬೆಯ ಮೊಯ್ದೀನ್ ಅವರು ಯುಎಇಗೆ ಹೋಗಿ 1998ರಲ್ಲಿ ಅಜ್ಮಾನ್‌ನಲ್ಲಿ ವೈದ್ಯಕೀಯ ಕಾಲೇಜು ತೆರೆದದ್ದು ನಿಜಕ್ಕೂ ದೊಡ್ಡ ಸಾಧನೆ. ಆದರೆ ಅದಕ್ಕೂ ಮೊದಲು ಅವರು ಊರಲ್ಲಿ ಮನೆತನದ ವ್ಯವಹಾರದಲ್ಲಿ ಪಳಗಿದ್ದರು ಎಂಬುದನ್ನು ಯಾರೂ ಹೇಳುವುದಿಲ್ಲ. ಗೆದ್ದವರ ಕಥೆ ವೇದಿಕೆಗೆ ಬರುತ್ತದೆ. ಸೋತು ಷಟರ್ ಎಳೆದವನ ಕಥೆ ಅವನ ಮನೆಯೊಳಗೇ ಉಳಿಯುತ್ತದೆ. ಹಾಗಾಗಿ ನನ್ನದನ್ನು ಹೇಳುತ್ತೇನೆ.

ನಾನು ಮುಚ್ಚಿದ ಅಂಗಡಿ

2010ರಲ್ಲಿ ನಾನು ಚನ್ನರಾಯಪಟ್ಟಣದಲ್ಲಿ ರೆಡಿಮೇಡ್ ಬಟ್ಟೆ ಅಂಗಡಿ ಹಾಕಿದೆ. ಅದಕ್ಕೆ ಮುಂಚೆ ಹಾಸನದಲ್ಲಿ ಒಂದು ಕಡೆ ಲೆಕ್ಕ ಬರೆಯುವ ಕೆಲಸದಲ್ಲಿದ್ದೆ. ಬಟ್ಟೆ ವ್ಯಾಪಾರದ ಅ ಆ ಇ ಈ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ, ಸಂಬಳದ ಕೆಲಸದಲ್ಲಿ ಇರುವವನಿಗೆ ನಮ್ಮ ಮದುವೆ ಮನೆಗಳಲ್ಲಿ ಬೆಲೆ ಕಡಿಮೆ ಅನ್ನುವುದು. ಕೂಡಿಟ್ಟ ಮೂರು ಲಕ್ಷ, ಭಾವನಿಂದ ಎರಡು ಲಕ್ಷ, ಹೆಂಡತಿಯ ಹನ್ನೊಂದು ಪವನ್ ಚಿನ್ನ. ರಮಝಾನ್‌ಗೆ ಇಪ್ಪತ್ತು ದಿನ ಮುಂಚೆ ತೆರೆದೆ. ಈದ್‌ವರೆಗೆ ಅಂಗಡಿಯಲ್ಲಿ ನಿಲ್ಲಲು ಜಾಗ ಇರಲಿಲ್ಲ. ಗೆದ್ದೆ ಅಂದುಕೊಂಡೆ.

ಈದ್ ಮುಗಿದ ಮೂರನೇ ದಿನ ಒಬ್ಬನೇ ಗಿರಾಕಿ ಬಂದ, ಅವನೂ ಬಟ್ಟೆ ವಾಪಸ್ ಕೊಡಲು. ಒಂದು ಹಬ್ಬದ ಮಾರಾಟವನ್ನು ಹನ್ನೆರಡು ತಿಂಗಳಿಂದ ಗುಣಿಸಿ ನಾನು ಮಾಲು ತರಿಸಿಬಿಟ್ಟಿದ್ದೆ. ಪೇಟೆಯ ಲಯ ಬೇರೆಯೇ ಇತ್ತು. ಆ ಕಡೆಯ ರೈತರ ಕೈಗೆ ದುಡ್ಡು ಬರುವುದು ತೆಂಗಿನಕಾಯಿ, ಕೊಬ್ಬರಿಗೆ ಬೆಲೆ ಇದ್ದಾಗ. ಬೆಲೆ ಬಿದ್ದರೆ ಮೊದಲು ನಿಲ್ಲುವುದು ಹೊಸ ಬಟ್ಟೆ.

ಒಂದು ವರ್ಷ ಕಳೆಯುವ ಹೊತ್ತಿಗೆ ಇದು ನಡೆಯುವುದಿಲ್ಲ ಅಂತ ನನಗೆ ಗೊತ್ತಾಗಿತ್ತು. ಆದರೂ ಇನ್ನೂ ಏಳು ತಿಂಗಳು ಎಳೆದೆ. ಯಾಕೆ? ನಾಚಿಕೆ. ಉದ್ಘಾಟನೆಗೆ ಊರವರನ್ನೆಲ್ಲ ಕರೆದಿದ್ದೆನಲ್ಲ, ಅವರ ಮುಂದೆ ಹೇಗೆ ಮುಚ್ಚೋದು? ಆ ಏಳು ತಿಂಗಳ ಬಾಡಿಗೆ, ಸಂಬಳ, ಬಡ್ಡಿಗೇ ಹೆಂಡತಿಯ ಚಿನ್ನ ಹೋಯಿತು. ವ್ಯಾಪಾರದಲ್ಲಿ ಕಳೆದುಕೊಂಡದ್ದಕ್ಕಿಂತ ನಾಚಿಕೆಯಲ್ಲಿ ಕಳೆದುಕೊಂಡದ್ದೇ ಹೆಚ್ಚು. ಅವಳು ಒಂದು ಮಾತೂ ಆಡಲಿಲ್ಲ. ಮಗಳ ಮದುವೆಯ ಹೊತ್ತಿಗೆ, ಒಬ್ಬಳೇ ಕೂತು ಹಳೆಯ ಆಭರಣದ ಖಾಲಿ ಡಬ್ಬಿ ಒರೆಸುತ್ತಿದ್ದಳು. ಅದನ್ನು ನಾನು ಬಾಗಿಲ ಬಳಿ ನಿಂತು ನೋಡಿದೆ.

ಮೊದಲ ಪ್ರಶ್ನೆ: ಯಾರ ದುಡ್ಡು?

ಮಹರ್ ಹೆಣ್ಣಿನ ಹಕ್ಕು. ಅದು ಗಂಡನ ಬಂಡವಾಳ ಅಲ್ಲ, ಮಾವನ ಮನೆಯ ಠೇವಣಿಯೂ ಅಲ್ಲ. ಇದು ನಮಗೆಲ್ಲ ಗೊತ್ತಿರುವ ವಿಷಯ. ಉಸ್ತಾದರು ಪ್ರತಿ ನಿಕಾಹ್‌ನಲ್ಲೂ ಹೇಳುತ್ತಾರೆ. ಆದರೂ ಅಂಗಡಿ ಹಾಕುವ ಮಾತು ಬಂದಾಗ ಚಿನ್ನದ ಲೆಕ್ಕ ಗಂಡಸರ ನಡುವೆಯೇ ಮುಗಿದುಹೋಗುತ್ತದೆ. ಕೊನೆಗೆ ಅವಳಿಗೆ ಸಿಗುವುದು ಒಂದು ವಾಕ್ಯ: "ನಾಳೆ ಬೆಳಗ್ಗೆ ಬಳೆ ತೆಗೆದಿಡು."

ಕೇಳಬೇಕು. ಕೇಳುವುದು ಅಂದರೆ ತಿಳಿಸುವುದಲ್ಲ. ಎಷ್ಟು ಹಾಕ್ತಿದ್ದೇನೆ, ಎಷ್ಟು ತಿಂಗಳು ಮನೆಗೆ ದುಡ್ಡು ಬರಲಿಕ್ಕಿಲ್ಲ, ಎಲ್ಲ ಮುಳುಗಿದರೆ ನಮ್ಮ ಗತಿ ಏನು, ಇಷ್ಟನ್ನೂ ಹೇಳಿ, ಅವಳು ಬೇಡ ಅಂದರೆ ಬಿಡುವ ಮನಸ್ಸಿಟ್ಟುಕೊಂಡು ಕೇಳಬೇಕು. ಕೊಟ್ಟರೆ, ಅದನ್ನು ಸಾಲ ಅಂತಲೋ ಪಾಲು ಅಂತಲೋ ಬರೆದಿಡಬೇಕು. ಕುರ್‌ಆನಿನ ಅತಿ ದೀರ್ಘ ಆಯತ್ ಅಲ್‌ಬಕರ ಸೂರಾದಲ್ಲಿದೆ. ಅದು ಹೇಳುವುದು ಸಾಲದ ವ್ಯವಹಾರವನ್ನು ಸಾಕ್ಷಿ ಇಟ್ಟು ಬರೆದಿಡುವ ಬಗ್ಗೆ. ನಾವೋ, "ನಮ್ಮವರ ನಡುವೆ ಕಾಗದ ಯಾಕೆ" ಅಂತೇವೆ. ಕಾಗದ ಇಲ್ಲದ್ದಕ್ಕೇ ಭಾವ-ಮೈದುನ, ಅಣ್ಣ-ತಮ್ಮ ಒಂದೇ ಬೀದಿಯಲ್ಲಿದ್ದು ಸಲಾಂ ಹೇಳದೆ ಹೋಗುವುದನ್ನು ಎಷ್ಟು ಮನೆಗಳಲ್ಲಿ ನೋಡಿಲ್ಲ?

ಪಾಲುದಾರಿಕೆ ನಮ್ಮಲ್ಲಿ ಹಳೆಯ ಪದ್ಧತಿ. ಒಬ್ಬನದು ದುಡ್ಡು, ಇನ್ನೊಬ್ಬನದು ದುಡಿಮೆ. ಒಳ್ಳೆಯ ಪದ್ಧತಿಯೇ. ಆದರೆ 1932ರ ಪಾಲುದಾರಿಕೆ ಕಾಯ್ದೆ ಪ್ರಕಾರ, ನೋಂದಣಿ ಆಗದ ಪಾಲುದಾರಿಕೆಯಲ್ಲಿ ಒಬ್ಬ ಪಾಲುದಾರ ತನ್ನ ಒಪ್ಪಂದದ ಹಕ್ಕಿಗಾಗಿ ಇನ್ನೊಬ್ಬನ ಮೇಲೆ ದಾವೆ ಹಾಕಲು ಬಹುತೇಕ ಆಗುವುದಿಲ್ಲ. ಸ್ವಂತ ಹೆಸರಿನ ಅಂಗಡಿಯಾದರೆ ಅಂಗಡಿಯ ಸಾಲ ಮತ್ತು ನಿಮ್ಮ ಸಾಲ ಬೇರೆ ಬೇರೆ ಅಲ್ಲ. ಅಂಗಡಿ ಮುಳುಗಿದರೆ ಸಾಲಗಾರ ಮನೆಯ ಬಾಗಿಲಿಗೇ ಬರುತ್ತಾನೆ. ಇದನ್ನು ತಿಳಿದು ಕಾಲಿಡಬೇಕು.

ಬಡ್ಡಿಯ ವಿಷಯವನ್ನೂ ಮುಚ್ಚಿಡದೆ ಮಾತಾಡೋಣ. ಬ್ಯಾಂಕಿನ ಬಡ್ಡಿ ಬೇಡ ಅನ್ನುವ ಎಷ್ಟೋ ಮನೆಗಳ ಚಿನ್ನ ಫೈನಾನ್ಸ್ ಅಂಗಡಿಯ ತಿಜೋರಿಯಲ್ಲಿದೆ, ಅಲ್ಲಿ ಕಟ್ಟುತ್ತಿರುವುದು ಬ್ಯಾಂಕಿಗಿಂತ ಹೆಚ್ಚಿನ ಬಡ್ಡಿ. ಇನ್ನು ಕೆಲವರು ಹಲಾಲ್ ಎಂಬ ಹೆಸರು ಕೇಳಿದ ಕೂಡಲೇ ಲೆಕ್ಕ ಕೇಳುವುದನ್ನೇ ಬಿಟ್ಟುಬಿಡುತ್ತಾರೆ. ಬೆಂಗಳೂರಿನ ಐಎಂಎ 2019ರ ಜೂನ್‌ನಲ್ಲಿ ಬಾಗಿಲು ಹಾಕಿದಾಗ ಹತ್ತಾರು ಸಾವಿರ ಜನ ಪೊಲೀಸರಿಗೆ ದೂರು ಕೊಟ್ಟರು, ಪ್ರಕರಣ ಸಿಬಿಐವರೆಗೆ ಹೋಯಿತು. ಅದರಲ್ಲಿ ಹೆಣ್ಣುಮಕ್ಕಳ ಮದುವೆಗೆ ಕೂಡಿಟ್ಟದ್ದು, ನಿವೃತ್ತಿಯ ದುಡ್ಡು ಎಲ್ಲ ಇತ್ತು. ದುಡ್ಡು ಕೊಡುವವನಾಗಲಿ, ತೆಗೆದುಕೊಳ್ಳುವವನಾಗಲಿ, ಲೆಕ್ಕ ಕೇಳುವುದು ಅಪನಂಬಿಕೆ ಅಲ್ಲ. ಕರ್ಝ್ ಆಗಲಿ, ಪಾಲಾಗಲಿ, ಬ್ಯಾಂಕ್ ಸಾಲವಾಗಲಿ, ಯಾವುದು ಸರಿ ಎಂದು ಬಲ್ಲ ಉಲಮಾಗಳನ್ನು ಕೇಳಿ. ಆದರೆ ಕೇಳುವುದು ಅಂಗಡಿ ಹಾಕುವ ಮೊದಲು, ಸಾಲ ಕುತ್ತಿಗೆಗೆ ಬಂದ ಮೇಲಲ್ಲ.

ಎರಡನೇ ಪ್ರಶ್ನೆ: ದಿನಕ್ಕೆ ಎಷ್ಟು ಕಿಲೋ?

ಹೊಳೆನರಸೀಪುರದ ಹುಡುಗನನ್ನು ಮನೆಗೆ ಕರೆದೆ. ಚಾ ಕುಡಿಯುತ್ತ ಒಂದು ನೋಟ್‌ಬುಕ್ ಮುಂದಿಟ್ಟೆ. ಅವನು ಹೇಳಿದ ಅಂಕಿಗಳನ್ನೇ ಬರೆದೆವು. ಅಂಗಡಿ ಬಾಡಿಗೆ 9 ಸಾವಿರ. ಮೀನು ಕ್ಲೀನ್ ಮಾಡುವ ಇಬ್ಬರು ಹುಡುಗರಿಗೆ 30 ಸಾವಿರ. ಕರೆಂಟು, ಐಸು 7 ಸಾವಿರ. ಚಿಲ್ಲರೆ ಖರ್ಚು 4 ಸಾವಿರ. ಒಟ್ಟು 50 ಸಾವಿರ. ಇದು ಒಂದು ಮೀನು ಮಾರದಿದ್ದರೂ ಕಟ್ಟಬೇಕಾದ್ದು. ಮನೆ ಖರ್ಚು 25 ಸಾವಿರ ಅಂದ. ಅಲ್ಲಿಗೆ ತಿಂಗಳಿಗೆ 75 ಸಾವಿರ.

ನೂರು ರೂಪಾಯಿ ಮಾರಾಟದಲ್ಲಿ ಕೊಂಡ ಬೆಲೆ, ಸಾಗಾಟ, ಕೆಟ್ಟುಹೋದ ಮಾಲು ಎಲ್ಲ ಕಳೆದು ಎಷ್ಟು ಉಳಿಯುತ್ತದೆ ಅಂತ ಕೇಳಿದೆ. ತುಂಬ ಯೋಚಿಸಿ "ಇಪ್ಪತ್ತು" ಅಂದ. ಹಾಗಾದರೆ 75 ಸಾವಿರ ಹುಟ್ಟಬೇಕಾದರೆ ತಿಂಗಳಿಗೆ 3 ಲಕ್ಷದ 75 ಸಾವಿರದ ಮಾರಾಟ ಬೇಕು. ತಿಂಗಳಿಗೆ 26 ದಿನ ಅಂದರೆ ದಿನಕ್ಕೆ ಹೆಚ್ಚುಕಡಿಮೆ 14,400 ರೂಪಾಯಿ. ಸರಾಸರಿ ಕಿಲೋಗೆ 300 ಅಂದರೆ ದಿನಕ್ಕೆ 48 ಕಿಲೋ.

"48 ಕಿಲೋ ಮಾರ್ತೀಯಾ?" ಅಂದೆ.

"ಭಾನುವಾರ ಮಾರ್ತೀನಿ ಕಾಕ" ಅಂದ.

"ಸೋಮವಾರ?"

ಅವನು ಸುಮ್ಮನಾದ. ನಮ್ಮ ಪೇಟೆಯಲ್ಲಿ ಮೀನು ಕೊಳ್ಳುವವರಲ್ಲಿ ನಮ್ಮವರಿಗಿಂತ ಬೇರೆಯವರೇ ಹೆಚ್ಚು. ಅವರಲ್ಲಿ ಅನೇಕರಿಗೆ ಸೋಮವಾರ, ಶನಿವಾರ ಆಗುವುದಿಲ್ಲ. ಶ್ರಾವಣದಲ್ಲಿ ತಿಂಗಳಿಡೀ ಮುಟ್ಟದವರಿದ್ದಾರೆ. ಇನ್ನು ಮಾಲು ಬರುವ ದಾರಿ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆ ಎರಡು ತಿಂಗಳು ಬಂಗುಡೆ, ಬೂತಾಯಿಯ ಬೆಲೆ ಏರುತ್ತದೆ. ಅದೇ ಮಳೆಗಾಲದಲ್ಲಿ ಶಿರಾಡಿ ಘಾಟಿಯ ಗುಡ್ಡವೂ ಜರಿಯುತ್ತದೆ. 2018ರಲ್ಲಿ, 2024ರಲ್ಲಿ ಸಂಚಾರ ನಿಂತದ್ದು ಎಲ್ಲರಿಗೂ ನೆನಪಿದೆ. ಲಾರಿ ಘಾಟಿಯ ಕೆಳಗೆ ನಿಂತರೆ ಮೀನು ಕಾಯುತ್ತದೆಯೇ? ಹಾಗಾದರೆ ಆ ತಿಂಗಳುಗಳಿಗೆ ಏನು ವ್ಯವಸ್ಥೆ? ಗೊರೂರಿನ ಹಿನ್ನೀರಿನ ಕಾಟ್ಲಾ, ರೋಹು ಸಿಗುತ್ತದೆಯೇ? ಯಾರು ಕೊಡುತ್ತಾರೆ, ಯಾವ ದರಕ್ಕೆ? ಒಣಮೀನು ಇಡುತ್ತೀಯಾ? ಈ ಪ್ರಶ್ನೆಗಳಿಗೆ ಉತ್ತರ ಇದ್ದರೆ ಅದು ವ್ಯಾಪಾರ. ಇಲ್ಲದಿದ್ದರೆ ಬರೀ ಆಸೆ.

ಪ್ರತಿ ಊರಿಗೂ ಪ್ರತಿ ವ್ಯಾಪಾರಕ್ಕೂ ಹೀಗೆ ಒಂದು ಲೆಕ್ಕ ಉಂಟು. ಅರಕಲಗೂಡಿನ ಕಡೆ ಕಿರಾಣಿ, ಗೊಬ್ಬರ, ಹಾರ್ಡ್‌ವೇರ್ ಇಡುವವರಿಗೆ ಗೊತ್ತು, ರೈತರು ರಾಮನಾಥಪುರದ ತಂಬಾಕು ಹರಾಜಿಗೆ, ಶುಂಠಿಯ ಬೆಲೆಗೆ ಕಾಯುತ್ತಾರೆ. ಅಲ್ಲಿವರೆಗೆ ಅಂಗಡಿಯ ಪುಸ್ತಕದಲ್ಲಿ ಉದ್ರಿ ಬೆಳೆಯುತ್ತಲೇ ಇರುತ್ತದೆ. ಆರು ತಿಂಗಳು ಉದ್ರಿ ಕೊಡುವಷ್ಟು ಕೈಯಲ್ಲಿ ಇಲ್ಲದವನು ಅಲ್ಲಿ ಆ ವ್ಯಾಪಾರಕ್ಕೆ ಇಳಿಯಬಾರದು. ಹಾಸನದಲ್ಲಿ ಆಲೂಗಡ್ಡೆಯನ್ನೇ ನಂಬಿ ವಹಿವಾಟು ಮಾಡಿದವರು ಅಂಗಮಾರಿ ರೋಗ ಬಂದ ವರ್ಷಗಳಲ್ಲಿ ಏನಾದರು ಅಂತ ಕೇಳಿ ನೋಡಿ. ಚನ್ನರಾಯಪಟ್ಟಣದಲ್ಲಿ ಹೆದ್ದಾರಿಯ ವಾಹನಗಳು ಪೇಟೆಯೊಳಗೇ ಹಾದುಹೋಗುತ್ತಿದ್ದ ಕಾಲದ ಹೋಟೆಲಿನ ಗಲ್ಲಾಪೆಟ್ಟಿಗೆ ಬೇರೆ, ಬೈಪಾಸ್ ಆದ ಮೇಲಿನದು ಬೇರೆ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದ ಜನಸಾಗರ ನೋಡಿ ಆಸೆಪಟ್ಟವರೂ ಇದ್ದಾರೆ. 2006ರಲ್ಲಿ ಆಯಿತು, 2018ರಲ್ಲಿ ಆಯಿತು. ಹನ್ನೆರಡು ವರ್ಷಕ್ಕೊಮ್ಮೆ ಬರುವ ಗಿರಾಕಿಗೆ ತಿಂಗಳ ಬಾಡಿಗೆ ಕಟ್ಟಲು ಆಗುವುದಿಲ್ಲ. ನಾನು ಒಂದು ಈದ್‌ಗೆ ಮೋಸಹೋದ ಹಾಗೆಯೇ ಅದು.

ಮೂರನೇ ಪ್ರಶ್ನೆ: ಈವರೆಗೆ ಏನನ್ನಾದರೂ ಮಾರಿದ್ದೀರಾ?

ಅಂಗಡಿ ಹಾಕಿದ ಮೇಲೆ ಮಾರಾಟ ಕಲಿಯುತ್ತೇನೆ ಎನ್ನುವವರೇ ನಮ್ಮಲ್ಲಿ ಹೆಚ್ಚು. ಇದು ತಲೆಕೆಳಗಿನ ಕೆಲಸ. ಬೋರ್ಡು, ಗಾಜು, ಎಸಿ, ಉದ್ಘಾಟನೆಯ ಬಿರಿಯಾನಿ ಇದೆಲ್ಲ ಕೊನೆಗೆ. ಮೊದಲು ಮೂರು ತಿಂಗಳು ಇನ್ನೊಬ್ಬರ ಅಂಗಡಿಯಲ್ಲಿ ನಿಲ್ಲಿ, ಸಂಬಳ ಕೊಡದಿದ್ದರೂ ಸರಿ. ಇಲ್ಲವೇ ವಾರಕ್ಕೆ ಎರಡು ದಿನ ಬುಟ್ಟಿಯಲ್ಲಿ ಮಾರಿ. ಬೆಳಗಿನ ಜಾವ ಮಾಲು ಇಳಿಸುವುದು, ಗಿರಾಕಿಯ ಚೌಕಾಸಿ, ಸಂಜೆ ಉಳಿದ ಮೀನಿನ ವಾಸನೆ, ಇದೆಲ್ಲ ನಿಮ್ಮ ದೇಹಕ್ಕೆ ಮನಸ್ಸಿಗೆ ಒಗ್ಗುತ್ತದೆಯೇ ಅಂತ ಗೊತ್ತಾಗುತ್ತದೆ. ಒಗ್ಗದಿದ್ದರೆ ಮೂರು ತಿಂಗಳು ಹೋಯಿತು, ಚಿನ್ನ ಉಳಿಯಿತು.

ಈ ವಿಷಯದಲ್ಲಿ ನಮ್ಮ ಹೆಣ್ಣುಮಕ್ಕಳು ಬುದ್ಧಿವಂತರು. ಹಾಸನದಲ್ಲೇ ಮನೆಯಲ್ಲಿ ಪತ್ತಿರ್, ಸಮೋಸ ಮಾಡಿ ಕೊಡುವ ತಂಗಿಯೊಬ್ಬಳನ್ನು ನಾನು ಬಲ್ಲೆ. ಒಂದು ರಮಝಾನ್‌ನಲ್ಲಿ ಅಕ್ಕಪಕ್ಕದ ಹತ್ತು ಮನೆಗೆ ಕೊಟ್ಟಳು. ಆಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್. ಎರಡು ವರ್ಷ ಆದ ಮೇಲೆ ದೊಡ್ಡ ಗ್ರೈಂಡರ್ ಕೊಂಡಳು, ಅದೂ ಲಾಭದ ದುಡ್ಡಿನಲ್ಲಿ. ಅವಳನ್ನು ಯಾರೂ ಉದ್ಯಮಿ ಅನ್ನುವುದಿಲ್ಲ. "ಮನೆಯಲ್ಲೇ ಏನೋ ಮಾಡ್ತಾಳೆ" ಅಂತಾರೆ. ಸಾಲ ಇಲ್ಲದೆ, ಗಿರಾಕಿ ಮೊದಲು, ಯಂತ್ರ ಆಮೇಲೆ ಎಂಬ ಕ್ರಮದಲ್ಲಿ ಬೆಳೆದ ಅವಳಿಂದ ಕಲಿಯಬೇಕಾದವರು ನಾವು.

ಸಣ್ಣದಾಗಿ ಶುರುಮಾಡುವುದು ಅವಮಾನ ಅಂದುಕೊಳ್ಳುವವರಿಗೆ ಇನ್ನೊಂದು ಉದಾಹರಣೆ. 1906ರಲ್ಲಿ ಉಡುಪಿಯ ಮುಸ್ಲಿಂ ವರ್ತಕ ಹಾಜಿ ಅಬ್ದುಲ್ಲಾ ಹಾಜಿ ಖಾಸಿಂ ಸಾಹೇಬರು ಒಂದು ಬ್ಯಾಂಕ್ ಕಟ್ಟಿದರು. ಮೂಲ ಬಂಡವಾಳ 5 ಸಾವಿರ ರೂಪಾಯಿ. ಮೊದಲ ದಿನದ ಕೊನೆಗೆ ಬ್ಯಾಂಕಿನಲ್ಲಿ ಸೇರಿದ್ದು 38 ರೂಪಾಯಿ, 13 ಆಣೆ, 2 ಪೈಸೆ. ಅದೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು, 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ನನಗೆ ಇಷ್ಟವಾಗುವುದು ಆ ಎರಡು ಪೈಸೆ. ಮೊದಲ ದಿನವೇ ಎರಡು ಪೈಸೆಯ ಲೆಕ್ಕವನ್ನೂ ಬರೆದಿಟ್ಟಿದ್ದರು. ಹಾಗಾಗಿಯೇ ಇಷ್ಟು ವರ್ಷದ ಮೇಲೂ ನಮಗೆ ಅದು ಗೊತ್ತಿದೆ. ನಮ್ಮ ಎಷ್ಟು ಅಂಗಡಿಗಳಲ್ಲಿ ನಿನ್ನೆಯ ಲೆಕ್ಕ ಸಿಗುತ್ತದೆ?

ಲೆಕ್ಕ ಇಡದಿದ್ದರೆ ಏನಾಗುತ್ತದೆ ಎಂಬುದನ್ನು 2025ರ ಜುಲೈಯಲ್ಲಿ ಕರ್ನಾಟಕದ ಸಣ್ಣ ವ್ಯಾಪಾರಿಗಳು ಕಂಡರು. ಯುಪಿಐಯಲ್ಲಿ ಬಂದ ಹಣದ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆ ನೋಟಿಸು ಕಳಿಸಿತು. ಬೇಕರಿ, ಚಾ ಅಂಗಡಿ, ತರಕಾರಿ ಅಂಗಡಿಯವರು ಗಾಬರಿಯಾಗಿ ಸ್ಕ್ಯಾನರ್ ತೆಗೆದುಹಾಕಿದರು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಹಸಿ ಮೀನು, ತರಕಾರಿಯಂತಹ ತೆರಿಗೆ ಇಲ್ಲದ ಸರಕನ್ನು ಮಾತ್ರ ಮಾರಿದರೆ ಬೇಡ. ಆದರೆ ಅದೇ ಅಂಗಡಿಯಲ್ಲಿ ಕರಿದ ಮೀನು, ಊಟ ಶುರುವಾದರೆ ಲೆಕ್ಕ ಬದಲಾಗುತ್ತದೆ. ಆಗ ತೆರಿಗೆ ಇಲ್ಲದ ಮಾರಾಟವೂ ಒಟ್ಟು ವಹಿವಾಟಿಗೆ ಸೇರುತ್ತದೆ. ಮನೆಯ ಖಾತೆ ಮತ್ತು ಅಂಗಡಿಯ ಖಾತೆ ಒಂದೇ ಆಗಿದ್ದರೆ, ಭಾವ ಕಳಿಸಿದ ಕೈಸಾಲವೂ ಮಾರಾಟದ ಹಣದ ಹಾಗೆಯೇ ಕಾಣುತ್ತದೆ. ಮೊದಲ ದಿನವೇ ಎರಡು ಖಾತೆ ಮಾಡಿ.

ಸರಕಾರದ ಬಾಗಿಲು

ಯೋಜನೆಗಳು ಇಲ್ಲದಿಲ್ಲ. 2015ರಲ್ಲಿ ಶುರುವಾದ ಮುದ್ರಾದಲ್ಲಿ ಶಿಶು ಎಂಬ ವರ್ಗಕ್ಕೆ 50 ಸಾವಿರದವರೆಗೆ, ಕಿಶೋರ್‌ಗೆ 5 ಲಕ್ಷದವರೆಗೆ, ತರುಣ್‌ಗೆ 10 ಲಕ್ಷದವರೆಗೆ ಅಡಮಾನ ಇಲ್ಲದ ಸಾಲ. ಪಿಎಂಇಜಿಪಿ ಯೋಜನೆಯಲ್ಲಿ ಅಲ್ಪಸಂಖ್ಯಾತರು, ಮಹಿಳೆಯರು ವಿಶೇಷ ವರ್ಗಕ್ಕೆ ಬರುತ್ತಾರೆ. ಸ್ವಂತ ಪಾಲು ನೂರಕ್ಕೆ 5, ಸಹಾಯಧನ ನಗರದಲ್ಲಿ 25, ಗ್ರಾಮಾಂತರದಲ್ಲಿ 35. ಅರ್ಜಿಯ ದಾರಿ ಹಾಸನದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಹೇಳುತ್ತಾರೆ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ಶ್ರಮಶಕ್ತಿಯಂತಹ ಸಣ್ಣ ಸಾಲಗಳಿವೆ. ಉದ್ಯಮ್ ನೋಂದಣಿ ಆಧಾರ್ ಇದ್ದರೆ ಉಚಿತವಾಗಿ ಆಗುತ್ತದೆ, ಅದಕ್ಕೆ ಯಾರಿಗೂ ದುಡ್ಡು ಕೊಡಬೇಡಿ. ನಿಯಮಗಳು ವರ್ಷ ವರ್ಷಕ್ಕೆ ಬದಲಾಗುವುದರಿಂದ ಹೋಗುವ ಮುಂಚೆ ಈಗಿನದನ್ನು ಕೇಳಿಕೊಳ್ಳಿ.

ಇವೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ತರಬೇತಿ. 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಶುರುವಾಯಿತು. ಅದರ ಮಾದರಿಯಲ್ಲೇ ಈಗ ಜಿಲ್ಲೆಗೊಂದು ಆರ್‌ಸೆಟಿ ಇದೆ. ತರಬೇತಿ, ಊಟ, ವಸತಿ ಉಚಿತ. ಸಹಾಯಧನದ ಅರ್ಜಿಗೆ ಸಾಲು ನಿಲ್ಲುವ ನಮ್ಮ ಹುಡುಗರು ಅಲ್ಲಿ ಹತ್ತು ದಿನ ಕೂತು ಲೆಕ್ಕ ಕಲಿಯಲು ಮನಸ್ಸು ಮಾಡುವುದಿಲ್ಲ. ಸಹಾಯಧನ ಸಿಗುತ್ತದೆ ಅಂತ ವ್ಯಾಪಾರ ಶುರುಮಾಡುವುದು, ಕೊಡೆ ರಿಯಾಯಿತಿಗೆ ಸಿಕ್ಕಿತು ಅಂತ ಮಳೆಯಲ್ಲಿ ಹೊರಟ ಹಾಗೆ.

ಎರಡು ಮಾತು ಮನೆಯವರಿಗೆ

ಊರಿಗೆ ಬಂದು ಏನಾದರೂ ಮಾಡಬೇಕು ಎಂಬ ಒತ್ತಡ ಸುಳ್ಳಲ್ಲ. ಸೌದಿಯಲ್ಲಿ 2011ರ ನಿತಾಕತ್, ಆಮೇಲೆ 2017ರ ಜುಲೈಯಿಂದ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳ ಶುಲ್ಕ, ಅಂಗಡಿ ಕೆಲಸಗಳು ಅಲ್ಲಿಯವರಿಗೇ ಮೀಸಲು, ಹೀಗೆ ಗಲ್ಫಿನ ದಾರಿ ಕಿರಿದಾಗುತ್ತ ಬಂದಿದೆ. ಮರಳಿ ಬಂದ ಹುಡುಗನನ್ನು ನಾವು ಎರಡು ವಾರ ಸುಮ್ಮನೆ ಕೂರಲು ಬಿಡುವುದಿಲ್ಲ. "ಏನು ಮೋನೆ, ಮುಂದೇನು?" ಅಂತ ಕಂಡವರೆಲ್ಲ ಕೇಳುತ್ತಾರೆ. ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲೆಂದೇ ಅಂಗಡಿ ತೆರೆದವರಿದ್ದಾರೆ. ನಾವು ಕೇಳಬೇಕಾದ ಪ್ರಶ್ನೆ, "ಎಷ್ಟು ತಿಂಗಳು ನಿಧಾನಿಸಬಲ್ಲೆ? ನಾವೇನು ಮಾಡಲಿ?" ಎಂಬುದು.

ಇನ್ನೊಂದು, ಸಂಬಳದ ಕೆಲಸ ಕೀಳು ಅಲ್ಲ. ಹಾಸನದ ಕೈಗಾರಿಕಾ ಪ್ರದೇಶದ ಕಾರ್ಖಾನೆಗೆ ಹೋಗುವವನು, ಶಾಲೆಯಲ್ಲಿ ಪಾಠ ಮಾಡುವವಳು, ಇನ್ನೊಬ್ಬರ ಅಂಗಡಿಯಲ್ಲಿ ಮ್ಯಾನೇಜರ್ ಆಗಿರುವವನು ತಿಂಗಳ ಕೊನೆಗೆ ಹಲಾಲ್ ಅನ್ನ ಉಣ್ಣುತ್ತಾರೆ. ಎಲ್ಲರೂ ಮಾಲಕರಾಗಬೇಕಿಲ್ಲ. ಅಣ್ಣ ಸಂಬಳ ತರುತ್ತಿರುವಾಗ ತಮ್ಮ ಅಂಗಡಿ ಹಾಕುವುದು, ಹೆಂಡತಿಗೆ ಕೆಲಸ ಇರುವಾಗ ಗಂಡ ಪ್ರಯತ್ನ ಮಾಡುವುದು, ಇದು ಎಲ್ಲರೂ ಒಂದೇ ದೋಣಿಗೆ ಹತ್ತುವುದಕ್ಕಿಂತ ಒಳ್ಳೆಯದು.

ಕೊನೆಯದಾಗಿ, ತೆರೆಯುವ ದಿನ ನಿಗದಿ ಮಾಡುವಾಗಲೇ ಮುಚ್ಚುವ ಗೆರೆಯನ್ನೂ ಬರೆದಿಡಿ. "ಇಷ್ಟು ತಿಂಗಳಲ್ಲಿ ಇಷ್ಟು ಮಾರಾಟ ಆಗದಿದ್ದರೆ, ಅಥವಾ ಇಷ್ಟು ಲಕ್ಷ ಹೋದರೆ, ನಿಲ್ಲಿಸುತ್ತೇನೆ." ಆ ಕಾಗದ ಹೆಂಡತಿಯ ಬಳಿಯೋ ಉಮ್ಮನ ಬಳಿಯೋ ಇರಲಿ. ಆ ದಿನ ಬಂದರೆ ಅವರು ತೆಗೆದು ತೋರಿಸಲಿ. ನನ್ನ ಮನೆಯಲ್ಲಿ ಅಂಥ ಕಾಗದ ಇದ್ದಿದ್ದರೆ ಹನ್ನೊಂದರಲ್ಲಿ ಆರು ಪವನಾದರೂ ಉಳಿಯುತ್ತಿತ್ತು. ಅಂಗಡಿ ಮುಚ್ಚಿದವನನ್ನು ನೋಡಿ ನಗುವುದನ್ನು ಊರವರಾದ ನಾವೂ ನಿಲ್ಲಿಸಬೇಕು. ಸಮಯಕ್ಕೆ ಸರಿಯಾಗಿ ಮುಚ್ಚಿದವನು ಸಾಲ ಇಲ್ಲದೆ ಇನ್ನೊಮ್ಮೆ ಎದ್ದು ನಿಲ್ಲುತ್ತಾನೆ.

ನಮ್ಮ ನಾಲ್ಕು ಊರುಗಳ ಜಮಾಅತ್ ಸಮಿತಿಗಳಲ್ಲಿ ನನ್ನದೊಂದು ಕೋರಿಕೆ. ಮೂವತ್ತು ನಲವತ್ತು ವರ್ಷ ತಕ್ಕಡಿ ಹಿಡಿದ ಹಿರಿಯರು ಪ್ರತಿ ಊರಲ್ಲೂ ಇದ್ದಾರೆ. ತಿಂಗಳಿಗೆ ಒಂದು ಭಾನುವಾರ, ಅಸರ್‌ನಿಂದ ಮಗ್ರಿಬ್‌ವರೆಗೆ ಅವರಲ್ಲಿ ಇಬ್ಬರು ಕೂರಲಿ. ಹೊಸದಾಗಿ ಶುರುಮಾಡುವವರು ನೋಟ್‌ಬುಕ್ ತರಲಿ. ಹೆಂಗಸರಿಗೂ ಅಲ್ಲಿ ಬಂದು ಕೇಳುವ ವ್ಯವಸ್ಥೆ ಇರಲಿ. ಭಾಷಣ ಬೇಡ, ಸನ್ಮಾನ ಬೇಡ. ಬಾಡಿಗೆ ಎಷ್ಟು, ಉಳಿಯುವುದು ಎಷ್ಟು, ದಿನಕ್ಕೆ ಎಷ್ಟು ಕಿಲೋ ಅಂತ ಕೂಡಿ ಕಳೆದು ನೋಡಲಿ. ಇದಕ್ಕೆ ಖರ್ಚು ಒಂದು ಫ್ಲಾಸ್ಕ್ ಚಾ.

ಹೊಳೆನರಸೀಪುರದ ಹುಡುಗ ಕಳೆದ ವಾರ ಫೋನ್ ಮಾಡಿದ್ದ. ಅಂಗಡಿ ಇನ್ನೂ ಹಿಡಿದಿಲ್ಲ. ಪರಿಚಯದವರ ಕೋಳಿ ಅಂಗಡಿಯ ಮುಂದೆ ಎರಡು ಐಸ್ ಪೆಟ್ಟಿಗೆ ಇಟ್ಟು ಬುಧವಾರ, ಭಾನುವಾರ ಮಾತ್ರ ಮಾರುತ್ತಿದ್ದಾನೆ. ಭಾನುವಾರ 40 ಕಿಲೋ ಹೋಯಿತಂತೆ. ಬುಧವಾರ 11. ಹೆಂಡತಿ ಲೆಕ್ಕ ಬರೆಯುತ್ತಿದ್ದಾಳಂತೆ. "ಕಾಕ, ಅವಳನ್ನ ಕೇಳಿದೆ" ಅಂದ. "ಏನಂದಳು?" ಅಂದೆ. "ಚಿನ್ನ ಈಗ ಬೇಡ, ಶ್ರಾವಣ ಕಳೀಲಿ, ಆಮೇಲೆ ನೋಡೋಣ ಅಂದಳು."

ಅವನ ಸ್ವರದಲ್ಲಿ ಸ್ವಲ್ಪ ಬೇಸರ ಇತ್ತು. ನನಗೆ ಮಾತ್ರ ನೆಮ್ಮದಿಯಾಯಿತು. ಅಲ್ಲಾಹು ಅವರಿಬ್ಬರ ದುಡಿಮೆಗೆ ಬರಕತ್ ಕೊಡಲಿ.